ಹೂಂಗುಟ್ಟುವವಳು

ತನ್ನ ಧ್ವನಿ ತನಗೇ ಸೇರುವುದಿಲ್ಲ ಎಂಬುದನ್ನು ಅವಳು ಡೈರಿಯಲ್ಲಲ್ಲದೆ ಬೇರೆಲ್ಲೂ ಹೇಳಿಕೊಂಡಿರಲಿಲ್ಲ. ಅದಕ್ಕೇ ಈ ಕೆಲಸ ಹಿಡಿಸಿತ್ತು. ವಿಶ್ವವಿದ್ಯಾಲಯದ ಟ್ರಾನ್ಸ್‌ಜೆಂಡರ್ ಜನರ ಬದುಕಿನ ಕಥೆಗಳನ್ನು ಗ್ರಂಥಾಲಯಕ್ಕಾಗಿ ರೆಕಾರ್ಡ್ ಮಾಡುವುದು. ಕೆಲಸ ವಹಿಸಿದ್ದ ಮೇಡಂ ಹಾಕಿದ್ದ ನಿಯಮ ಒಂದೇ: ಕೇಳುವವರ ಸದ್ದು ಬರಕೂಡದು, ತಲೆಯಾಡಿಸಿದರೆ ಸಾಕು.

ಆ ದಿನ ಎದುರಿಗೆ ಕೂತವರು ಗಣಿತದ ಮೇಷ್ಟ್ರು. ಹುಡುಗಿಯ ಹೆಸರಿನಲ್ಲಿ ಇಲ್ಲೇ ಓದಿದವರು, ಈಗ ಪೊದೆ ಮೀಸೆ ಹೊತ್ತು ಇಲ್ಲೇ ಪಾಠ ಮಾಡುವವರು. ನಾಲ್ಕು ಮಾತಾಡಿ ನಿಲ್ಲಿಸಿಬಿಟ್ಟರು.

"ಏನಮ್ಮಾ, ಗೋಡೆ ಮುಂದೆ ಕೂರಿಸಿದ್ದೀಯಾ ನನ್ನ?"

ಅವಳು ಗಾಬರಿಯಲ್ಲಿ ತಲೆಯಾಡಿಸಿದಳು.

"ನೋಡು, ಗೋಡೇನೂ ಹೌದು ಅಂತಿದೆ! ನಾವು ಹೂಂ ಅನ್ನದಿದ್ರೆ ನಮ್ಮಜ್ಜಿ ಕಥೇನೇ ಮುಂದಕ್ಕೆ ಹೇಳ್ತಿರ್ಲಿಲ್ಲ. ನಾನೂ ಅಷ್ಟೇ. ಗೋಡೆಗೆ ಹೇಳ್ಕೊಂಡಿದ್ದು ಸಾಕಾಗಿದೆ, ಎದ್ದು ಹೋಗ್ತೀನಿ."

ನಿಜಕ್ಕೂ ಕುರ್ಚಿ ಹಿಂದಕ್ಕೆ ಸರಿಯಿತು.

"ಹೂಂ... ಹೇಳಿ ಸರ್."

"ಹಾಂ, ಹಾಗೆ ಬಾ ದಾರಿಗೆ! ಕೆಲಸಕ್ಕೆ ಸೇರಿದ ಹೊಸದು. ನಾನಿದ್ದ ಹಾಸ್ಟೆಲ್ ನೋಡ್ಕೊಂಡು ಬರೋಣ ಅಂತ ಹೋದೆ. ಲೇಡೀಸ್ ಹಾಸ್ಟೆಲ್."

"ಹೂಂ."

"ಅದೇ ಹಳೇ ವಾರ್ಡನ್. ಊಟಕ್ಕೆ ತಡ ಆದ್ರೆ ನನ್ನ ಹಿಗ್ಗಾಮುಗ್ಗಾ ಬೈತಿದ್ದೋರು. ಗೇಟಿಗೆ ಕೋಲು ಹಿಡ್ಕೊಂಡೇ ಬಂದ್ರು. 'ಗಂಡಸ್ರಿಗೆ ಇಲ್ಲೇನ್ರೀ ಕೆಲಸ? ನಡೀರಿ ಆಚೆ!'"

"ಅಯ್ಯೋ! ಆಮೇಲೆ?"

"ಆಮೇಲೇನು, ರಸ್ತೆ ತುಂಬಾ ನಕ್ಕೊಂಡು ಬಂದೆ. ಮನೆಯೋರ್ಯಾರೂ ಒಪ್ಪದೇ ಇದ್ದಿದ್ದನ್ನ ಆಯಮ್ಮ ಕೋಲು ಹಿಡಿದು ಒಪ್ಪಿಬಿಟ್ರಲ್ಲ! ಹುಟ್ಟಿದಾಗಿಂದ ಅಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು, ಮೈಕಿನ ಮುಂದೆಯೇ.

ಮರುದಿನ ಮೇಡಂ ಪೂರ್ತಿ ಕೇಳಿ ಹೆಡ್‌ಫೋನ್ ಕೆಳಗಿಟ್ಟರು. "ಎಷ್ಟು ಚೆನ್ನಾಗಿ ಹೇಳಿದಾರೆ! ಆದ್ರೆ ಉದ್ದಕ್ಕೂ ನೀನೇ ಇದ್ದೀಯಲ್ಲ? ಆ ಹೂಂ, ಆ ನಗು, ಎಲ್ಲ ಕತ್ತರಿಸಿಬಿಡು. ನಾವು ಹೋದ ಮೇಲೂ ಉಳಿಯೋದಿದು."

ಕತ್ತರಿಸುವುದು ಒಂದು ಬೆರಳಿನ ಕೆಲಸ. ಹಿಂದಿನ ರಾತ್ರಿ ಡೈರಿಯಲ್ಲಿ ಅವಳು ಬೇಡಿಕೊಂಡಿದ್ದೂ ಅದನ್ನೇ, ತನ್ನ ಸದ್ದು ಅದರಲ್ಲಿ ಉಳಿಯದಿರಲಿ ಎಂದು. ಮೌಸಿನ ಮೇಲೆ ಬೆರಳಿಟ್ಟಳು. ಪರದೆಯ ಮೇಲೆ ಮೇಷ್ಟ್ರ ಮಾತು ದೊಡ್ಡ ಅಲೆಗಳಾಗಿ ಸಾಗಿತ್ತು. ನಡುನಡುವೆ ಅವಳ ಹೂಂ, ಒಂದೊಂದೇ ಪುಟ್ಟ ಉಬ್ಬು. ಆ ಉಬ್ಬು ದಾಟಿದ ಮೇಲೆಯೇ ಪ್ರತಿ ಸಲವೂ ಅಲೆ ಮತ್ತೆ ಏಳುತ್ತಿತ್ತು.

ಬೆರಳು ಹಿಂತೆಗೆದಳು.

"ಬೇಡ ಮೇಡಂ." ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. "ಅವ್ರು ಮೈಕಿಗೆ ಹೇಳ್ಲಿಲ್ಲ. ನನಗೆ ಹೇಳಿದ್ದು."