ನಾಲ್ಕು ಬೆರಳಿನ ಸಂದು

"ಲೀಟರಿಗೆ ಒಂದೂವರೆ ಕಿಲೋಮೀಟರ್ ಜಾಸ್ತಿ ಅಪ್ಪ," ಎಂದಳು ಪಕ್ಕದ ಸೀಟಿನಲ್ಲಿದ್ದ ಮಗಳು, ಹಳೆಯ ನೋಟ್‌ಬುಕ್ಕಿನ ಅಂಕಿಗಳ ಪಕ್ಕ ಹೊಸದನ್ನು ಬರೆಯುತ್ತಾ. ಗಾಳಿ ಸರಾಗವಾಗಿ ಜಾರಲೆಂದು ಕಾರಿನ ಹೊಟ್ಟೆಗೆ ತಗಡು ಹೊಡೆಯಲು ವಾರವಿಡೀ ಬೆನ್ನು ಮುರಿದುಕೊಂಡಿದ್ದ ಮೆಕ್ಯಾನಿಕ್ ಅಪ್ಪ ಮೀಸೆಯಡಿಯೇ ನಕ್ಕ.

"ಹಳೇ ಅಂಕಿ ಬರೆದಾಗಲೂ ಇದೇ ರಸ್ತೆ, ಇದೇ ವೇಗ ತಾನೇ?" ಎಂದು ಮಗಳು ಕೇಳಿದಳು.

"ಎಲ್ಲಾ ಅದೇ. ಪಕ್ಕದಲ್ಲಿ ಕೂತು ಬರೀತಿದ್ದ ನಿಮ್ಮಮ್ಮ ಒಬ್ಬಳು ಇಲ್ಲ ಅಷ್ಟೇ." ಅವನು ನೋಟ್‌ಬುಕ್ಕಿನತ್ತ ಬಗ್ಗಿದ. ಹಾಳೆ ಹಾರದಿರಲೆಂದು ಹೆಂಡತಿ ಅಂಚಿಗೆ ಸಿಕ್ಕಿಸುತ್ತಿದ್ದ ಹೇರ್‌ಪಿನ್ನು ತುಕ್ಕು ಹಿಡಿದು ಅಲ್ಲೇ ಇತ್ತು. ಅವನ ನಗು ನಿಂತಿತು. ಗಾಜು ಏರಿಸಿದ ಕಾರಿನೊಳಗೆ ಹಾಳೆ ಹಾರುವುದಾದರೂ ಹೇಗೆ? ಉಸಿರು ಕಟ್ಟುತ್ತದೆ ಎಂದು ಅವಳು ತನ್ನ ಕಡೆಯ ಗಾಜನ್ನು ಯಾವಾಗಲೂ ನಾಲ್ಕು ಬೆರಳಷ್ಟು ಇಳಿಸಿಯೇ ಕೂರುತ್ತಿದ್ದಳು. ಇವತ್ತು ಆ ಗಾಜು ಪೂರ್ತಿ ಏರಿತ್ತು. ತೆರೆದ ಕಿಟಕಿ ಪೆಟ್ರೋಲ್ ಕುಡಿಯುತ್ತದೆ ಎಂದು ಬಂದ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವನಿಗೆ, ಅವಳ ಕಿಟಕಿ ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ.

ಅವನು ಕೈಚಾಚಿ ಮಗಳ ಕಡೆಯ ಗಾಜನ್ನು ಇಳಿಸಿದ. ಸಂದಿಗೆ ಬೆರಳುಗಳನ್ನು ಅಡ್ಡ ಹಿಡಿದು ನೋಡಿದ. ಇನ್ನೊಂದು ಚೂರು ಇಳಿಸಿದ.

"ಮೈಲೇಜು ಬಿದ್ದುಹೋಗುತ್ತಪ್ಪ."

"ಬೀಳಲಿ," ಎಂದು ಅವನು ಕೀಲಿ ತಿರುಗಿಸಿದ. "ಹಾಳೆಗೆ ಆ ಪಿನ್ನು ಹಾಕ್ಕೋ."