ಜೋಡಿಯ ಕೈ

ಒದ್ದೆಯಾದ ಕಡ್ಲೆಪುರಿಯ ವಾಸನೆ ಬಂದರೆ ಈಗಲೂ ಪಕ್ಕದಲ್ಲಿರುವ ಮಗಳ ಕೈ ಹಿಡಿದುಕೊಳ್ಳುತ್ತೇನೆ. "ನೋವಾಗತ್ತೆ, ಬಿಡಮ್ಮ" ಎನ್ನುತ್ತಾಳೆ.

ರಾಮನಾಥಪುರದ ಬೇಸಿಗೆ ಶಿಬಿರದಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದ್ದರು. ಹೊಳೆಗೆ ಹೋದಾಗ ಜೋಡಿಯ ಕೈ ಬಿಡುವಂತಿರಲಿಲ್ಲ. ನನ್ನ ಜೋಡಿ ಕೊಣನೂರಿನ ಸವಿತಾ. ಆ ಮಧ್ಯಾಹ್ನ ಮೀನುಗಳಿಗೆ ಪುರಿ ಹಾಕುತ್ತಿದ್ದಾಗ ಮೇಷ್ಟ್ರು ಸೀಟಿ ಊದಿದರು. "ಇನ್ನೊಂದಿಡಿ ಐತೆ ಕಣೇ, ಆಕ್ಬುಟ್ಟು ಬತ್ತೀನಿ" ಎಂದು ಅವಳು ಕೈ ಬಿಡಿಸಿಕೊಂಡು ಪಾಚಿಗಟ್ಟಿದ ಮೆಟ್ಟಿಲಿಗೆ ಇಳಿದಳು. ಒಬ್ಬರು ತಡಮಾಡಿದರೆ ಇಬ್ಬರಿಗೂ ಸಂಜೆಯ ಆಟವಿಲ್ಲ. ಮೇಷ್ಟ್ರು ಜೋಡಿಗಳನ್ನು ಎಣಿಸುತ್ತಾ ನಮ್ಮ ಸರದಿ ಬಂದಾಗ, "ಇಬ್ರೂ ಇದ್ದೀವಿ ಸಾ" ಎಂದು ಕೂಗಿಬಿಟ್ಟೆ. ಎಲ್ಲರೂ ಹೊರಟೆವು.

ಸಂಜೆ ಅವಳನ್ನು ಹೊಳೆಯಿಂದ ಎತ್ತಿದರು. ಅವಳ ಅಪ್ಪ ನನ್ನ ತಲೆ ಸವರಿ, "ಕೊನೇಗಂಟ ಅವಳ ಕೈ ಇಡ್ಕೊಂಡಿದ್ದೆ ಅಲ್ವೇನವ್ವಾ?" ಎಂದರು.

ಹೂಂ ಎಂದೆ.