ಬಾಗಿಲ ಪಕ್ಕದ ಕನ್ನಡಿ

"ಇಷ್ಟು ಸಾಕಾ ಸಾರ್?"

ಹೋಟೆಲಿನ ಅಡುಗೆಮನೆ ಬಾಗಿಲ ಪಕ್ಕದ ಕನ್ನಡಿಯಲ್ಲಿ ಬಡಿಸುವ ಹುಡುಗಿ ನಕ್ಕು ತೋರಿಸುತ್ತಿದ್ದಳು. ಕೈಯಲ್ಲಿ ಸೂಪಿನ ಟ್ರೇ, ಕಣ್ಣು ಮಾತ್ರ ಕೆಂಪು. ನಕ್ಕು ನೋಡಿಕೊಳ್ಳದೆ ಯಾರೂ ಗಿರಾಕಿಗಳ ಮುಂದೆ ಹೋಗಕೂಡದೆಂದು ಆ ಕನ್ನಡಿ ಹಾಕಿಸಿದವನು ಮ್ಯಾನೇಜರೇ. ದಿನಾ ತಾನೇ ನಿಂತು ಒಬ್ಬೊಬ್ಬರ ನಗುವನ್ನೂ ಪಾಸು ಮಾಡುತ್ತಿದ್ದ.

"ಹಲ್ಲು ಕಾಣ್ಬೇಕು ಕಣಮ್ಮಾ," ಎಂದ.

ಪಾತ್ರೆ ತೊಳೆಯುತ್ತಿದ್ದ ಅಜ್ಜಿಗೆ ರೇಗಿಹೋಯಿತು. "ಒಡಹುಟ್ಟಿದ ತಮ್ಮನ್ನ ಮಣ್ಣು ಮಾಡಿ ಬಂದವಳೆ. ಇನ್ನೂ ವಾರ ಆಗಿಲ್ಲ. ಹಲ್ಲು ಬೇರೆ ಕಾಣ್ಬೇಕಾ?"

ಮ್ಯಾನೇಜರು ಆಗ ಅವಳ ಕಣ್ಣು ನೋಡಿದ. "ರಜೆ ಕೇಳ್ಬಾರ್ದಿತ್ತೇನಮ್ಮಾ?"

"ಕೇಳಿದ್ದೆ ಸಾರ್. ದೊಡ್ಡ ಪಾರ್ಟಿ ಇದೆ, ಆಮೇಲೆ ನೋಡೋಣ ಅಂದ್ರಿ. ಯಾಕೆ ಅಂತ ನೀವು ಕೇಳ್ಲಿಲ್ಲ." ಅಷ್ಟು ಹೇಳುವಾಗಲೂ ಮುಖದ ಮೇಲಿನ ನಗುವನ್ನು ಇಳಿಸಲು ಅವಳಿಗೆ ನೆನಪಾಗಲಿಲ್ಲ.

ಅವನು ಟ್ರೇಯನ್ನು ತನ್ನ ಕೈಗೆ ತೆಗೆದುಕೊಂಡ. "ಇದನ್ನ ನಾನು ಕೊಟ್ಟು ಬರ್ತೀನಿ. ನೀನು ಅಜ್ಜಿ ಹತ್ರ ಕೂತ್ಕೋ, ಹೋಗು. ನಗಬೇಡ."

ಅವಳ ತುಟಿ ಆಗ ನಡುಗಿತು. ಅಜ್ಜಿ ಒದ್ದೆ ಕೈಯಲ್ಲೇ ಅವಳನ್ನು ಎಳೆದು ಎದೆಗೊತ್ತಿಕೊಂಡಳು. ಮ್ಯಾನೇಜರು ಟ್ರೇ ಹಿಡಿದು ಬಾಗಿಲ ಕಡೆ ತಿರುಗಿದ.

ಕನ್ನಡಿಯಲ್ಲಿ ಅವನ ಹಲ್ಲುಗಳು ಆಗಲೇ ಕಾಣುತ್ತಿದ್ದವು.

ಟ್ರೇ ಕೆಳಗಿಟ್ಟು, ಮೊದಲು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿದ.